25, 28, 32: ನಿಮ್ಮ ರೋಡ್ ಬೈಕ್ ರಿಮ್‌ಗೆ ಯಾವ ಟೈರ್?

ಹುಬ್ಬಳ್ಳಿ-ಧಾರವಾಡದ ಕಡೆ ರೋಡ್ ಬೈಕ್ ಇಟ್ಟುಕೊಂಡವರು ಮೊದಲ ಜೋಡಿ ಟೈರ್ ಸವೆದ ಮೇಲೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಇದ್ದಷ್ಟೇ ಅಗಲದ್ದು ಹಾಕಿಸಬೇಕೋ, ಒಂದು ನಂಬರ್ ದಪ್ಪ ಹೋಗಬೇಕೋ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ರಿಮ್ ಒಪ್ಪಿದರೆ, ಫ್ರೇಮಿನಲ್ಲಿ ಜಾಗ ಇದ್ದರೆ, ನಮ್ಮ ಕಡೆಯ ರಸ್ತೆಗೆ 28 ಮಿಮೀ ಅಗಲದ್ದು. ಹಳ್ಳಿ ರಸ್ತೆ ಜಾಸ್ತಿ ತುಳಿಯುವವರಿಗೆ 32. ಬೇರೆ ದಾರಿ ಇಲ್ಲದವರಿಗೆ 25. ಇನ್ನು 23, ಅದನ್ನು ಮರೆತುಬಿಡಿ.

ಆದರೆ "ರಿಮ್ ಒಪ್ಪಿದರೆ" ಅಂದೆನಲ್ಲ, ಅಲ್ಲೇ ಅರ್ಧ ವಿಷಯ ಇದೆ. ಬಹಳ ಜನ ಟೈರಿನ ನಂಬರ್ ನೋಡುತ್ತಾರೆ, ರಿಮ್ಮಿನ ನಂಬರ್ ನೋಡುವುದೇ ಇಲ್ಲ.

ಮೊದಲು ನಂಬರ್ ಓದೋಣ

ಟೈರಿನ ಪಕ್ಕದ ಗೋಡೆಯ ಮೇಲೆ ಎರಡು ಥರದ ಬರಹ ಇರುತ್ತದೆ. ಒಂದು 700x28ಸಿ ಅಂತ. ಇನ್ನೊಂದು 28-622 ಅಂತ. ನಂಬಬೇಕಾದ್ದು ಎರಡನೆಯದನ್ನು. 28 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 622 ಅಂದರೆ ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. ಈಗಿನ ರೋಡ್ ಬೈಕ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲದಕ್ಕೂ 622 ಬರುತ್ತದೆ. 29 ಇಂಚಿನ ಎಂಟಿಬಿಗೂ (ಮೌಂಟನ್ ಬೈಕ್) ಅದೇ 622. ಹಾಗಂತ ಎಂಟಿಬಿ ಟೈರ್ ನಿಮ್ಮ ರೋಡ್ ಬೈಕಿಗೆ ಹಿಡಿಸುತ್ತದೆ ಅಂತಲ್ಲ, ಫ್ರೇಮಿನಲ್ಲಿ ಜಾಗವೇ ಇರುವುದಿಲ್ಲ.

ನಮ್ಮ ಊರುಗಳಲ್ಲಿ ಇಲ್ಲೊಂದು ಎಡವಟ್ಟು ಆಗುತ್ತದೆ. ಹಳೇ ಸೈಕಲ್ ಅಂಗಡಿಗೆ ಹೋಗಿ "28ರ ಟೈರ್ ಕೊಡ್ರಿ" ಅಂದರೆ, ಅವರು ತೆಗೆದು ತೋರಿಸುವುದು ಹಾಲು ಹಾಕುವವರು, ಹೊಲಕ್ಕೆ ಹೋಗುವವರು ತುಳಿಯುವ ದೊಡ್ಡ ಕಪ್ಪು ಸೈಕಲ್ಲಿನ ಟೈರ್. ಅದರ ಮೇಲೆ 28 x 1½ ಅಂತ ಇರುತ್ತದೆ. ಅಲ್ಲಿ 28 ಅಂದರೆ ಇಂಚು. ಅದರ ಇನ್ನೊಂದು ನಂಬರ್ 40-635. ನಿಮ್ಮ ರಿಮ್ಮಿಗಿಂತ 13 ಮಿಮೀ ದೊಡ್ಡ ವ್ಯಾಸ, ಕೂರುವ ಮಾತೇ ಇಲ್ಲ. ಅಂಗಡಿಯವರ ತಪ್ಪೇನೂ ಇಲ್ಲ, ನಾವು ಕೇಳುವುದು ಸರಿ ಇರಬೇಕು. "700ಸಿ, 28-622" ಅಂತ ಚೀಟಿಯಲ್ಲಿ ಬರೆದುಕೊಂಡು ಹೋದರೆ ಗೊಂದಲ ಇಲ್ಲ. "ಅಣ್ಣಾರ, ಇದು ನಮ್ಮಲ್ಲಿ ಸಿಗಂಗಿಲ್ರಿ, ತರಿಸಬೇಕಾಗ್ತದ" ಅಂದರೆ ಸರಿಯಾದ ನಂಬರೇ ಕೇಳಿದ್ದೀರಿ ಅಂತ ಅರ್ಥ!

ಈಗ ರಿಮ್. ಇಲ್ಲಿ ಬೇಕಾದ್ದು ಒಳ ಅಗಲ. ಟೈರ್ ಬಿಚ್ಚಿದಾಗ ಕಾಣುವ ಎರಡು ಅಂಚುಗಳ ನಡುವಿನ ಅಳತೆ. ರಿಮ್ಮಿನ ಮೇಲಿನ ಸ್ಟಿಕ್ಕರಿನಲ್ಲಿ 622x17ಸಿ, 622x19 ಅಂತ ಬರೆದಿದ್ದರೆ 17, 19 ಅನ್ನುವುದೇ ಒಳ ಅಗಲ. ಸ್ಟಿಕ್ಕರ್ ಅಳಿಸಿ ಹೋಗಿದ್ದರೆ ಟೈರ್ ಬಿಚ್ಚಿ ವರ್ನಿಯರ್‌ನಿಂದ ಅಳೆಯಿರಿ. ಹೊರಗಿನಿಂದ ಅಳೆದರೆ ಸುಮಾರು 5 ಮಿಮೀ ಕಳೆದು ಅಂದಾಜು ಮಾಡಬಹುದು. ಹೊರಗೆ 23 ಬಂದರೆ ಒಳಗೆ 17 ಅಥವಾ 18 ಇರುತ್ತದೆ. ಆದರೆ ಹೊಸ ಟೈರಿಗೆ ದುಡ್ಡು ಕೊಡುವ ಮೊದಲು ಅಂದಾಜು ಸಾಕಾಗಲ್ಲ, ಬಿಚ್ಚಿಯೇ ನೋಡಿ.

ರಿಮ್ ಏನು ಒಪ್ಪುತ್ತದೆ

ಮೆಕ್ಯಾನಿಕ್‌ಗಳ ಹಳೇ ಲೆಕ್ಕ ಒಂದಿದೆ. ಟೈರಿನ ಅಗಲ ರಿಮ್ಮಿನ ಒಳ ಅಗಲದ ಸುಮಾರು ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನೊಳಗೆ ಇರಬೇಕು. 15ರ ರಿಮ್ಮಿಗೆ 23ರಿಂದ 28. 17ರ ರಿಮ್ಮಿಗೆ 25ರಿಂದ 32. 19ರ ರಿಮ್ಮಿಗೆ 28ರಿಂದ 35ರ ಆಚೀಚೆ. ಈಗ ರಿಮ್‌ಗಳು ಅಗಲ ಆಗುತ್ತ ಹೋದ ಹಾಗೆ ಈ ಲೆಕ್ಕದ ಕೆಳಗಿನ ತುದಿ ಸ್ವಲ್ಪ ಸಡಿಲವಾಗಿದೆ. 21ರ ರಿಮ್ಮಿಗೆ 28 ಹಾಕುವುದು ಈಗ ಮಾಮೂಲು. ಆದರೂ ಕೈಯಲ್ಲಿ ಪಟ್ಟಿ ಇಲ್ಲದಾಗ ಒಂದೂವರೆ-ಎರಡು ಪಟ್ಟು ನೆನಪಿಟ್ಟರೆ ದೊಡ್ಡ ತಪ್ಪು ಆಗುವುದಿಲ್ಲ. ರಿಮ್ ಮಾಡಿದ ಕಂಪನಿ ಬೇರೆ ನಂಬರ್ ಹೇಳಿದ್ದರೆ ಅದೇ ಕೊನೇ ಮಾತು.

ಈ ಮಿತಿ ಯಾಕೆ? ಸಣ್ಣ ರಿಮ್ಮಿಗೆ ತೀರಾ ದಪ್ಪ ಟೈರ್ ಹಾಕಿದರೆ ಅದು ಬಲ್ಬಿನ ಆಕಾರಕ್ಕೆ ಬರುತ್ತದೆ. ಕೆಳಗೆ ಕತ್ತು ಸಣ್ಣ, ಮೇಲೆ ಉಬ್ಬು. ಗಾಳಿ ಸ್ವಲ್ಪ ಕಡಿಮೆ ಇದ್ದರೂ ತಿರುವಿನಲ್ಲಿ ಟೈರ್ ಪಕ್ಕಕ್ಕೆ ವಾಲಿದ ಹಾಗೆ ಅನ್ನಿಸುತ್ತದೆ. ತಿಳಿಯಬೇಕೆಂದರೆ ನೃಪತುಂಗ ಬೆಟ್ಟದಿಂದ ಒಮ್ಮೆ ಇಳಿದು ನೋಡಿ, ತಿರುವಿನಲ್ಲಿ ಹಿಂದಿನ ಚಕ್ರ ತಡವಾಗಿ ಮಾತು ಕೇಳುತ್ತದೆ. ಉಲ್ಟಾ ಮಾಡಿದರೆ, ಅಂದರೆ ಅಗಲ ರಿಮ್ಮಿಗೆ ಸಣ್ಣ ಟೈರ್ ಹಾಕಿದರೆ, ಟೈರಿನ ಪಕ್ಕದ ಗೋಡೆ ನೆಟ್ಟಗೆ ನಿಂತು ಮೇಲ್ಭಾಗ ಚಪ್ಪಟೆ ಆಗುತ್ತದೆ. ತಗ್ಗಿಗೆ ಬಿದ್ದಾಗ ಏಟು ನೇರ ರಿಮ್ಮಿನ ಅಂಚಿಗೆ. ನಮ್ಮ ಕಡೆ ತಗ್ಗಿಗೇನು ಬರವೇ? ಹಾಗಾಗಿ ಎರಡರಲ್ಲಿ ಈ ಎರಡನೇ ತಪ್ಪೇ ಇಲ್ಲಿ ಜಾಸ್ತಿ ದುಬಾರಿ.

ಇನ್ನೊಂದು ಸಂಗತಿ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಟೈರಿನ ಮೇಲೆ ಬರೆದ ಅಗಲ ಒಂದು ಗೊತ್ತಾದ ರಿಮ್ಮಿನ ಮೇಲೆ ಅಳೆದದ್ದು. ರಿಮ್ ಅಗಲ ಆದ ಹಾಗೆ ಟೈರೂ ಹಿಗ್ಗುತ್ತದೆ. ಒಳ ಅಗಲ 1 ಮಿಮೀ ಹೆಚ್ಚಾದರೆ ಟೈರ್ ಸುಮಾರು 0.4 ಮಿಮೀ ಹಿಗ್ಗುತ್ತದೆ ಅನ್ನುವುದು ಬಳಕೆಯಲ್ಲಿರುವ ಲೆಕ್ಕ. ಒಂದೇ ಟೈರ್ 17ರ ರಿಮ್ಮಿನಿಂದ 21ರ ರಿಮ್ಮಿಗೆ ಹೋದರೆ ಒಂದೂವರೆ ಮಿಮೀ ದಪ್ಪ ಆಯಿತು ಅಂತಿಟ್ಟುಕೊಳ್ಳಿ. ಫ್ರೇಮಿನಲ್ಲಿ ಜಾಗ ಇಕ್ಕಟ್ಟಾಗಿದ್ದರೆ ಆ ಒಂದೂವರೆ ಮಿಮೀನೇ ಉಜ್ಜುತ್ತದೆ. ಅದಕ್ಕೇ ಹೊಸ ಟೈರಿಗೆ ಗಾಳಿ ಹಾಕಿ ಒಂದು ದಿನ ಬಿಟ್ಟು ಅಳೆಯಿರಿ. ಮೊದಲ ದಿನ ಸ್ವಲ್ಪ ಬಿಗಿ ಇರುತ್ತದೆ, ಆಮೇಲೆ ಹಿಗ್ಗುತ್ತದೆ.

ಹುಕ್‌ಲೆಸ್ ರಿಮ್ ಇದ್ದರೆ ಇಲ್ಲಿ ನಿಲ್ಲಿ

ಈಗ ಬರುವ ಕೆಲವು ದುಬಾರಿ ಕಾರ್ಬನ್ ಚಕ್ರಗಳಲ್ಲಿ ರಿಮ್ಮಿನ ಒಳ ಅಂಚಿಗೆ ಕೊಕ್ಕೆ ಇರುವುದಿಲ್ಲ. ನೇರ ಗೋಡೆ. ಇವುಗಳಿಗೆ "ಯಾವುದೋ ಒಂದು ಹಾಕ್ರಿ" ಅನ್ನುವ ಹಾಗಿಲ್ಲ. ಗಾಳಿ 5 ಬಾರ್ ದಾಟಬಾರದು, ಅಂದರೆ ಸುಮಾರು 72 ಪಿಎಸ್‌ಐ. ಟೈರ್ ಹುಕ್‌ಲೆಸ್‌ಗೆ ಒಪ್ಪಿಗೆ ಪಡೆದದ್ದೇ ಆಗಿರಬೇಕು. ಒಂದೇ ಹೆಸರಿನ ಟೈರಿನಲ್ಲೂ ವ್ಯತ್ಯಾಸ ಇರುತ್ತದೆ. ಕಾಂಟಿನೆಂಟಲ್ ಗ್ರ್ಯಾಂಡ್ ಪ್ರಿ 5000ದಲ್ಲಿ ಎಸ್ ಟಿಆರ್ ಅಂತ ಬರೆದದ್ದು ನಡೆಯುತ್ತದೆ, ಟ್ಯೂಬ್ ಹಾಕುವ ಸಾದಾ ಮಾದರಿ ನಡೆಯಲ್ಲ.

ಅಗಲದ ವಿಷಯದಲ್ಲೂ ಬಿಗಿ ನಿಯಮ ಇದೆ. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ರೇಸಿನಲ್ಲಿ ಬೆಲ್ಜಿಯಂನ ಥಾಮಸ್ ಡಿ ಗೆಂಟ್ ಬಿದ್ದಾಗ ಟೈರ್ ರಿಮ್ಮಿನಿಂದ ಪೂರ್ತಿ ಕಳಚಿ ಬಂದಿತ್ತು. ಅದು 25 ಒಳ ಅಗಲದ ಹುಕ್‌ಲೆಸ್ ರಿಮ್ ಮೇಲಿನ 28ರ ಟೈರ್. ಹೊಸ ಮಾನದಂಡದ ಪ್ರಕಾರ ಅಂಥ ರಿಮ್ಮಿಗೆ ಕನಿಷ್ಠ 29 ಬೇಕು. ಒಂದು ಮಿಮೀ ವ್ಯತ್ಯಾಸಕ್ಕೆ ಸೈಕಲ್ ಲೋಕದಲ್ಲಿ ತಿಂಗಳುಗಟ್ಟಲೆ ಜಗಳ ನಡೆಯಿತು. ಅವರಿಗೆ ಹಿಂದೆ ಟೀಮ್ ಕಾರ್ ಇತ್ತು. ನವಲಗುಂದ ದಾರಿಯಲ್ಲಿ ನಿಮ್ಮ ಹಿಂದೆ ಜೋಳದ ಟ್ರ್ಯಾಕ್ಟರ್ ಇರುತ್ತದೆ. ಹುಕ್‌ಲೆಸ್ ಇದ್ದವರು 30ರ ಕೆಳಗೆ ಇಳಿಯಬೇಡಿ ಅನ್ನುವುದು ನನ್ನ ಮಾತು. ಇಲ್ಲಿನ ರಸ್ತೆಗೆ ಅದಕ್ಕಿಂತ ಸಣ್ಣದು ಹೇಗೂ ಬೇಕಾಗಿಲ್ಲ.

ಫ್ರೇಮ್, ಬ್ರೇಕ್, ಎರಿ ಮಣ್ಣು

ರಿಮ್ ಒಪ್ಪಿದರೂ ಫ್ರೇಮ್ ಒಪ್ಪಬೇಕಲ್ವಾ? ರಿಮ್ ಬ್ರೇಕ್ ಇರುವ ಹಳೇ ರೋಡ್ ಬೈಕ್‌ಗಳಲ್ಲಿ ಬ್ರೇಕಿನ ಕಮಾನೇ ಅಡ್ಡ ಬರುತ್ತದೆ. ಹಲವಕ್ಕೆ 25 ಕೊನೆ. ಕೆಲವಕ್ಕೆ 28 ಹೇಗೋ ತೂರಿಕೊಳ್ಳುತ್ತದೆ. ಡಿಸ್ಕ್ ಬ್ರೇಕ್ ಬೈಕ್‌ಗಳಲ್ಲಿ ಈ ತಾಪತ್ರಯ ಕಡಿಮೆ, ಬಹಳಷ್ಟಕ್ಕೆ 32 ಸಲೀಸಾಗಿ ಹಿಡಿಯುತ್ತದೆ.

ನೋಡಬೇಕಾದ ಜಾಗ ಮೂರು. ಮುಂದಿನ ಫೋರ್ಕಿನ ತಲೆ, ಹಿಂದೆ ಪೆಡಲ್ ಬುಡದ ಹತ್ತಿರ ಎರಡು ಕೊಳವೆಗಳ ನಡುವೆ, ಮತ್ತು ಬ್ರೇಕಿನ ಕೆಳಗೆ. ಎಲ್ಲ ಕಡೆ ಕನಿಷ್ಠ 4 ಮಿಮೀ ಬೆಳಕು ಕಾಣಬೇಕು. 4 ಮಿಮೀ ಅಲನ್ ಕೀ ತೂರಿಸಿ ನೋಡಿದರೆ ಸಾಕು.

ಆದರೆ ಆ 4 ಮಿಮೀ ಒಣ ಡಾಂಬರಿನ ಲೆಕ್ಕ. ಹುಬ್ಬಳ್ಳಿಯಿಂದ ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದ, ನರಗುಂದ, ಗದಗಿನ ಬಯಲು ಎಲ್ಲ ಎರಿ ಭೂಮಿ, ಅಂದರೆ ಅಂಟುವ ಕಪ್ಪು ಮಣ್ಣು. ಮಳೆಗಾಲದಲ್ಲಿ ಟ್ರ್ಯಾಕ್ಟರ್‌ಗಳು ಹೊಲದಿಂದ ಎದ್ದು ಬಂದಾಗ ಗಾಲಿಯ ಮಣ್ಣೆಲ್ಲ ಡಾಂಬರಿನ ಮೇಲೆ. ಆ ಮಣ್ಣು ಉದುರುವ ಜಾತಿಯದಲ್ಲ. ಟೈರಿಗೆ ಸುತ್ತಿಕೊಂಡು, ಬ್ರೇಕಿನ ಕೆಳಗೆ ಮೆತ್ತಿಕೊಂಡು, ಕೊನೆಗೆ ಚಕ್ರವೇ ತಿರುಗದ ಹಾಗೆ ಮಾಡುತ್ತದೆ. ರಿಮ್ ಬ್ರೇಕ್ ಬೈಕಿಗೆ ಕಷ್ಟಪಟ್ಟು 28 ತೂರಿಸಿದವರು ಜುಲೈನಲ್ಲಿ ಕಡ್ಡಿ ಹಿಡಿದು ಮಣ್ಣು ಕೆರೆಯುತ್ತ ನಿಲ್ಲುವುದು ಇದಕ್ಕೇ. ಅಂಥವರು ಮಳೆಗಾಲದಲ್ಲಿ 25ಕ್ಕೆ ಇಳಿದರೆ ಜಾಣತನ. ಅಥವಾ ಪಶ್ಚಿಮಕ್ಕೆ ತಿರುಗಿದರೂ ಆಯಿತು. ಧಾರವಾಡದಾಚೆ ಹಳಿಯಾಳ, ಅಳ್ನಾವರದ ಕಡೆ ಕೆಂಪು ಮಣ್ಣು. ಅದು ಸಿಡಿಯುತ್ತದೆ, ಆದರೆ ಇಷ್ಟು ಹಟ ಹಿಡಿಯುವುದಿಲ್ಲ.

ಯಾವ ರಸ್ತೆಗೆ ಯಾವುದು

ಎರಿ ಭೂಮಿಯ ತೊಂದರೆ ಮಣ್ಣಿನಲ್ಲಿ ಮಾತ್ರ ಇಲ್ಲ. ಅದು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲೆ ಹಾಕಿದ ರಸ್ತೆಯೂ ಜೊತೆಗೇ ಏಳುತ್ತದೆ, ಬೀಳುತ್ತದೆ. ಹಾಗಾಗಿ ಆ ಕಡೆಯ ಸಣ್ಣ ರಸ್ತೆಗಳು ದೂರದಿಂದ ನುಣ್ಣಗೆ ಕಂಡರೂ ತುಳಿಯುವಾಗ ಅಲೆ ಅಲೆ. ಉದ್ದಕ್ಕೆ ಬಿರುಕು ಬೇರೆ. 23, 25ರ ಟೈರ್ ಅಂಥ ಉದ್ದ ಬಿರುಕಿಗೆ ಸಿಕ್ಕಿಕೊಂಡರೆ ಹ್ಯಾಂಡಲ್ ಕೈ ಮಾತು ಕೇಳುವುದಿಲ್ಲ. ಇಲ್ಲಿ 32 ತನ್ನ ಬೆಲೆ ತೋರಿಸುತ್ತದೆ.

ಹುಬ್ಬಳ್ಳಿ-ಧಾರವಾಡ ನಡುವಿನ ಸುಮಾರು 20 ಕಿಲೋಮೀಟರ್ ಬಿಆರ್‌ಟಿಎಸ್ ರಸ್ತೆ ಬೇರೆ ಥರ. ನಡುವೆ ಚಿಗರಿ ಬಸ್ಸಿಗೇ ಮೀಸಲಾದ ದಾರಿ ನಮಗಲ್ಲ, ಪಕ್ಕದ ದಾರಿಯಲ್ಲಿ ಆಟೋ, ಕಾರು, ದೂಳಿನ ನಡುವೆ ಹೋಗಬೇಕು. ಮ್ಯಾನ್‌ಹೋಲ್ ಮುಚ್ಚಳ, ಊರೊಳಗಿನ ಸಿಸಿ ರಸ್ತೆಯ ಜಾಯಿಂಟ್, ಅಲ್ಲಲ್ಲಿ ಅಗೆದು ಮುಚ್ಚಿದ ತೇಪೆ. 28 ಇದಕ್ಕೆ ಧಾರಾಳ ಸಾಕು.

ಹೆದ್ದಾರಿಯಲ್ಲಿ ವೇಗ ಬೇಕು ಅನ್ನುವವರು ಎನ್‌ಎಚ್ 48 ಹಿಡಿದು ಹಾವೇರಿ, ರಾಣೆಬೆನ್ನೂರು ಕಡೆ ಹೋಗುತ್ತಾರೆ. ಅಥವಾ ಎನ್‌ಎಚ್ 67ರಲ್ಲಿ ಗದಗ ದಾಟಿ ಲಕ್ಕುಂಡಿಯವರೆಗೆ. ಡಾಂಬರು ಚೆನ್ನಾಗಿದೆ. "ಹಾಗಾದರೆ ಇಲ್ಲಿ 25 ವೇಗ ಅಲ್ವಾ?" ಅಂತ ಕೇಳುತ್ತಾರೆ. ನುಣ್ಣನೆಯ ರಸ್ತೆಯಲ್ಲಿ, ತಲಾ ಅಗಲಕ್ಕೆ ತಕ್ಕ ಗಾಳಿ ಹಾಕಿದರೆ, 25ಕ್ಕೂ 28ಕ್ಕೂ ಉರುಳುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಒಂದೇ ಒತ್ತಡ ಇಟ್ಟರಂತೂ ಅಗಲ ಟೈರೇ ಸಲೀಸು. ಯಾಕೆಂದರೆ ಎರಡೂ ನೆಲಕ್ಕೆ ತಾಗುವ ಜಾಗ ಹೆಚ್ಚುಕಮ್ಮಿ ಒಂದೇ, ಆದರೆ ಅಗಲ ಟೈರಿನಲ್ಲಿ ಅದು ಗಿಡ್ಡ, ಸಣ್ಣ ಟೈರಿನಲ್ಲಿ ಉದ್ದ. ಉದ್ದ ತಾಗಿದರೆ ರಬ್ಬರ್ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಶಕ್ತಿ ಪೋಲು. ರಸ್ತೆ ಒರಟಾದರೆ ಇನ್ನೊಂದು ನಷ್ಟ ಸೇರಿಕೊಳ್ಳುತ್ತದೆ. ಗಟ್ಟಿ ಟೈರ್ ಪ್ರತಿ ಕಲ್ಲಿಗೂ ನಿಮ್ಮನ್ನು ಎತ್ತಿ ಹಾಕುತ್ತದೆ. ಆ ಅಲುಗಾಟ ತಡೆಯುವುದು ನಿಮ್ಮ ಮೈ, ಅದಕ್ಕೂ ಶಕ್ತಿ ಬೇಕು. ರೇಸ್ ಓಡಿಸುವವರೇ 23 ಬಿಟ್ಟು 25ಕ್ಕೆ, ಆಮೇಲೆ 28ಕ್ಕೆ ಬಂದದ್ದು ಸುಮ್ನೆ ಅಲ್ಲ.

ಇನ್ನು ಗಾಳಿಗೆ ಎದುರಾಗಿ ಹೋಗುವ ಮಾತು. ಸಣ್ಣ ಟೈರ್ ಗಾಳಿಯನ್ನು ಸ್ವಲ್ಪ ಚೆನ್ನಾಗಿ ಸೀಳುತ್ತದೆ, ನಿಜ. ಆದರೆ ಜೂನ್-ಜುಲೈನಲ್ಲಿ ಗದಗದಿಂದ ಹುಬ್ಬಳ್ಳಿಗೆ ಪಡುವಣ ಗಾಳಿಗೆ ಎದೆಯೊಡ್ಡಿ ಬಂದವರಿಗೆ ಗೊತ್ತು, ಅಲ್ಲಿ ಅಡ್ಡ ಬರುವುದು 3 ಮಿಮೀ ಟೈರ್ ಅಲ್ಲ, ನಮ್ಮ ಎದೆ, ಭುಜ. ಬಗ್ಗಿ ಕೂರುವುದು ಟೈರ್ ಬದಲಿಸುವುದಕ್ಕಿಂತ ಅಗ್ಗ.

ಮುಳ್ಳಿಗೆ ಅಗಲ ಮದ್ದಲ್ಲ

ದಪ್ಪ ಟೈರ್ ಹಾಕಿದರೆ ಪಂಕ್ಚರ್ ನಿಲ್ಲುತ್ತದೆ ಅಂತ ನಂಬಿದವರು ಬಹಳ. ಅರ್ಧ ಸರಿ. ತಗ್ಗಿಗೆ ಬಿದ್ದು ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದಲ್ಲ, ಅದು ನಿಜವಾಗಿಯೂ ಕಡಿಮೆ ಆಗುತ್ತದೆ. ಆದರೆ ಜಾಲಿ ಮುಳ್ಳಿಗೆ 25 ಆದರೇನು, 32 ಆದರೇನು? ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ಒಕ್ಕಣೆಗೆ ಹರಡಿದ ಕುಸುಬಿ ಗಿಡದ ಮುಳ್ಳೂ ಅಷ್ಟೇ. ಹೆದ್ದಾರಿಯ ಅಂಚಿನಲ್ಲಿ ಸಿಡಿದ ಲಾರಿ ಟೈರಿನಿಂದ ಉದುರಿದ ಉಕ್ಕಿನ ತಂತಿ ಇನ್ನೂ ಕೆಟ್ಟದ್ದು. ಕೂದಲಷ್ಟು ಸಣ್ಣ, ಕಣ್ಣಿಗೆ ಕಾಣುವುದಿಲ್ಲ, ಟ್ಯೂಬ್ ಬದಲಿಸಿದ ಮೇಲೆ ಅದೇ ಜಾಗದಲ್ಲಿ ಮತ್ತೆ ತೂತು. ಟೈರಿನ ಒಳಗೆ ಹತ್ತಿ ಸವರಿ ಹುಡುಕಿ, ಚಿಮಟದಿಂದ ಕೀಳಬೇಕು.

ಇದಕ್ಕೆ ಬೇಕಾದ್ದು ಟೈರಿನ ಒಳಗಿನ ರಕ್ಷಣೆ ಪಟ್ಟಿ. ಗೇಟರ್‌ಸ್ಕಿನ್, ಮ್ಯಾರಥಾನ್ ಥರದ ಗಟ್ಟಿ ಟೈರ್‌ಗಳು ಭಾರ, ಉರುಳುವಾಗ ಸ್ವಲ್ಪ ಮಂದ. ಹಗುರ ರೇಸ್ ಟೈರ್ ಹಾಕಿಕೊಂಡು ಡಂಬಳ, ಮುಂಡರಗಿ ಕಡೆ ಹೋಗುವವರು ಎರಡು ಟ್ಯೂಬ್ ಜೇಬಿನಲ್ಲಿಟ್ಟುಕೊಳ್ಳಲಿ. ನನ್ನನ್ನು ಕೇಳಿದರೆ 28ರ ಗಟ್ಟಿ ಟೈರ್ 32ರ ಹಗುರ ಟೈರಿಗಿಂತ ಈ ಭಾಗಕ್ಕೆ ಸರಿ. ಅಗಲಕ್ಕಿಂತ ಪಟ್ಟಿಗೆ ದುಡ್ಡು ಹಾಕಿ.

ಟ್ಯೂಬ್‌ಲೆಸ್ ಮಾಡಿಸಿದರೆ ಸಣ್ಣ ಮುಳ್ಳಿಗೆ ಒಳಗಿನ ದ್ರವವೇ ತೂತು ಮುಚ್ಚುತ್ತದೆ. ಆದರೆ ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಎರಡು-ಮೂರು ತಿಂಗಳಿಗೊಮ್ಮೆ ನೋಡಿ ಹಾಕಬೇಕು. ಆ ಕೆಲಸ ಸ್ವಂತ ಕೈಯಿಂದ ಮಾಡುವ ಉಮೇದು ಇಲ್ಲದಿದ್ದರೆ ಟ್ಯೂಬೇ ಇರಲಿ. ರಿಮ್ಮೂ ಟ್ಯೂಬ್‌ಲೆಸ್‌ಗೆ ತಕ್ಕದ್ದಾಗಿರಬೇಕು ಅನ್ನುವುದು ಬೇರೆ ಹೇಳಬೇಕಿಲ್ಲ.

ಗಾಳಿ ಎಷ್ಟು

ಅಗಲ ಬದಲಿಸಿ ಗಾಳಿ ಹಳೇದೇ ಇಟ್ಟರೆ ಟೈರ್ ಬದಲಿಸಿ ಪ್ರಯೋಜನವೇ ಇಲ್ಲ. 28 ಹಾಕಿಸಿಕೊಂಡು 100 ಪಿಎಸ್‌ಐ ತುಂಬಿ, "ಏನೂ ಫರಕ್ಕಿಲ್ಲ, ಹಂಗೇ ಕುಟ್ತದ" ಅಂತ ದೂರುವವರು ಇದ್ದಾರೆ. 70 ಕಿಲೋ ತೂಕದವರು, 10 ಕಿಲೋ ಬೈಕ್, ಟ್ಯೂಬ್ ಇರುವ ಟೈರ್ ಅಂತಿಟ್ಟುಕೊಂಡರೆ 25ಕ್ಕೆ 80ರಿಂದ 90, 28ಕ್ಕೆ 65ರಿಂದ 75, 32ಕ್ಕೆ 50ರಿಂದ 60 ಪಿಎಸ್‌ಐ ಇಟ್ಟು ಶುರು ಮಾಡಿ. ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ, ಅಲ್ಲಿ ನಾಲ್ಕೈದು ಹೆಚ್ಚಿರಲಿ. ತೂಕ ಜಾಸ್ತಿ ಇದ್ದವರು ಏರಿಸಿ, ಕಡಿಮೆ ಇದ್ದವರು ಇಳಿಸಿ. ಟೈರಿನ ಮೇಲೆ ಬರೆದ ಗರಿಷ್ಠ, ರಿಮ್ಮಿನ ಗರಿಷ್ಠ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಬೇಡಿ.

ಬೇಸಿಗೆಯಲ್ಲಿ ಇನ್ನೊಂದು ಲೆಕ್ಕ ಸೇರಿಸಿ. ಬೆಳಿಗ್ಗೆ 20 ಡಿಗ್ರಿಯಲ್ಲಿ 80 ತುಂಬಿದ ಟೈರ್, ಮಧ್ಯಾಹ್ನ ಚಹಾ ಅಂಗಡಿ ಮುಂದೆ ಬಿಸಿಲಿನಲ್ಲಿ ನಿಂತು 50 ಡಿಗ್ರಿಗೆ ಕಾದರೆ ಸುಮಾರು 90ಕ್ಕೆ ಏರಿರುತ್ತದೆ. ಮೊದಲೇ ಗರಿಷ್ಠಕ್ಕೆ ತುಂಬಿದವರಿಗೆ ಇದು ಒಳ್ಳೆಯದಲ್ಲ. ನೆರಳಿನಲ್ಲಿ ನಿಲ್ಲಿಸಿ.

ಪೆಟ್ರೋಲ್ ಬಂಕಿನ ಗಾಳಿಯ ಮೂತಿ ರೋಡ್ ಬೈಕಿನ ಸಣ್ಣ ಪ್ರೆಸ್ಟಾ ವಾಲ್ವಿಗೆ ಕೂರುವುದಿಲ್ಲ. ಹಿತ್ತಾಳೆಯ ಅಡಾಪ್ಟರ್ ಒಂದು ಬ್ಯಾಗಿನಲ್ಲಿರಲಿ. ಆದರೂ ಬಂಕಿನ ಮೀಟರ್ ನಂಬಿ ಸಣ್ಣ ಟೈರ್ ತುಂಬಬೇಡಿ. ಮೀಟರ್ ಇರುವ ಫ್ಲೋರ್ ಪಂಪ್ ಮನೆಯಲ್ಲಿ ಇದ್ದರೆ ಇಷ್ಟೊತ್ತು ಹೇಳಿದ ಲೆಕ್ಕವೆಲ್ಲ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಎಲ್ಲವೂ ಹೆಬ್ಬೆರಳಿನ ಅಂದಾಜು.

ಕೊನೆಗೆ ಕೊಳ್ಳುವಾಗ

15ರ ರಿಮ್, ರಿಮ್ ಬ್ರೇಕ್, ಹಳೇ ಫ್ರೇಮ್ ಇದ್ದರೆ 25 ಕೊಳ್ಳಿ. ಜಾಗ ಅಳೆದು ನೋಡಿ, ಬಂದರೆ 28. 17 ಅಥವಾ 19ರ ರಿಮ್, ಡಿಸ್ಕ್ ಬ್ರೇಕ್ ಇದ್ದರೆ 28 ಕಣ್ಣು ಮುಚ್ಚಿ ಕೊಳ್ಳಬಹುದು. ವಾರಕ್ಕೊಮ್ಮೆಯಾದರೂ ಎರಿ ಭೂಮಿಯ ಹಳ್ಳಿ ರಸ್ತೆಗೆ ಇಳಿಯುವವರು, ಬೆನ್ನು ನೋವಿನವರು, 80 ಕಿಲೋ ದಾಟಿದವರು 32ಕ್ಕೆ ಹೋಗಿ. 21ರ ಮೇಲಿನ ರಿಮ್ಮಿಗೆ 30 ಅಥವಾ 32. ದುಡ್ಡು ಒಂದಕ್ಕೇ ಇದ್ದರೆ ಹಿಂದಿನ ಚಕ್ರಕ್ಕೆ ಹೊಸದು ಹಾಕಿಸುತ್ತಾರೆ, ಯಾಕೆಂದರೆ ಅದೇ ಬೇಗ ಸವೆಯುವುದು. ನಾನು ಹೇಳುವುದು ಬೇರೆ. ಹೊಸದು ಮುಂದಿನ ಚಕ್ರಕ್ಕೆ ಹೋಗಲಿ, ಮುಂದಿನದು ಹಿಂದಕ್ಕೆ ಬರಲಿ. ಹಿಂದಿನ ಟೈರ್ ಒಡೆದರೆ ಸೈಕಲ್ ಹೇಗೋ ನಿಲ್ಲುತ್ತದೆ, ಮುಂದಿನದು ಒಡೆದರೆ ನೀವು ಬೀಳುತ್ತೀರಿ.

ಟ್ಯೂಬಿನ ಡಬ್ಬಿಯ ಮೇಲೂ ಅಗಲ ಬರೆದಿರುತ್ತದೆ. 18ರಿಂದ 25 ಅಂತ ಇದ್ದದ್ದನ್ನು 32ರ ಟೈರಿಗೆ ಹಾಕಿದರೆ ಅದು ತೀರಾ ಹಿಗ್ಗಿ ತೆಳ್ಳಗಾಗುತ್ತದೆ, ಟ್ಯೂಬನ್ನೂ ಬದಲಿಸಿ. ಸೈಕಲ್ ಮೀಟರ್ ಚಕ್ರದ ಸುತ್ತಳತೆಯಿಂದ ದೂರ ಲೆಕ್ಕ ಹಾಕುವ ಮಾದರಿಯಾಗಿದ್ದರೆ ಅದರಲ್ಲೂ ನಂಬರ್ ತಿದ್ದಬೇಕು. ಸಾಮಾನ್ಯವಾಗಿ 25ಕ್ಕೆ 2105, 28ಕ್ಕೆ 2136, 32ಕ್ಕೆ 2155 ಮಿಮೀ ಹಾಕುತ್ತಾರೆ. ತಿದ್ದದೆ ಬಿಟ್ಟರೆ 25ರಿಂದ 32ಕ್ಕೆ ಹೋದವರ ಮೀಟರ್ 100 ಕಿಲೋಮೀಟರಿಗೆ ಎರಡಕ್ಕಿಂತ ಜಾಸ್ತಿ ಕಡಿಮೆ ತೋರಿಸುತ್ತದೆ.